ಪಂಪ್‌ಸೆಟ್ಟಿನ ಅಣ್ಣ ಆಕಾಶಕ್ಕೆ ಏರಿದ ಕಥೆ

ಮಕ್ಕಳೇ, ಈ ವಾರದ ಕಥೆ ಶುರು ಮಾಡುವ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ತಾತಂದಿರೂ ಒಮ್ಮೊಮ್ಮೆ ತಪ್ಪು ಹೇಳುತ್ತಾರೆ. ನಿಮ್ಮ ಮನೆಯ ತಾತ ಇದನ್ನು ಒಪ್ಪದಿದ್ದರೆ ಈ ಪುಟವನ್ನು ಅವರಿಗೂ ಓದಿ ಹೇಳಿ.

ಬೇಸಿಗೆ ರಜೆಗೆ ನನ್ನ ಮೊಮ್ಮಗಳು ಬೆಂಗಳೂರಿನಿಂದ ಬಸ್ತಿಹಳ್ಳಿಗೆ ಬಂದಿದ್ದಳು. ಹಳೇಬೀಡಿಗೆ ಬಂದವರು ಸಾಮಾನ್ಯವಾಗಿ ಹೊಯ್ಸಳೇಶ್ವರ ದೇವಸ್ಥಾನ ನೋಡಿ, ಎಳನೀರು ಕುಡಿದು, ಬೇಲೂರಿನ ಬಸ್ಸು ಹತ್ತಿಬಿಡುತ್ತಾರೆ. ಸ್ವಲ್ಪ ದೂರ ನಡೆದರೆ ಸಿಗುವ ನಮ್ಮೂರಿನ ಮೂರು ಬಸದಿಗಳ ಕಡೆ ಬರುವವರು ಕಡಿಮೆ. ಈ ಹುಡುಗಿಗೆ ಮಾತ್ರ ಬಸದಿಯೂ ಬೇಕು, ತೋಟವೂ ಬೇಕು, ತೋಟದ ಬಾವಿಯ ಪಕ್ಕದ ಹಳೇ ಪಂಪ್‌ಹೌಸೂ ಬೇಕು.

ಆ ಪಂಪ್‌ಹೌಸಿನಲ್ಲಿ ನಮ್ಮಪ್ಪನ ಕಾಲದ ಡೀಸೆಲ್ ಎಂಜಿನ್ ಒಂದು ಕೂತಿದೆ. ಕರೆಂಟಿನ ಮೋಟರು ಬಂದ ಮೇಲೆ ಅದಕ್ಕೆ ಕೆಲಸ ತಪ್ಪಿತು. ಈಗ ಅದರ ಮೇಲೆ ಜೇಡ ಬಲೆ ಕಟ್ಟಿದೆ, ಅಡಿಯಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಅವತ್ತು ಗುಜರಿಯವನು ಬಂದು ಎಂಜಿನ್ ಸುತ್ತ ಎರಡು ಸುತ್ತು ಹಾಕಿ, ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿ, "ಮುಂದಿನ ವಾರ ಟೆಂಪೋ ತರ್ತೀನಿ ಯಜಮಾನ್ರೇ" ಎಂದು ಹೋಗಿದ್ದ.

"ತಾತ, ಇದನ್ನ ಯಾಕೆ ಮಾರ್ತೀಯಾ?"

"ಇನ್ನೇನು ಮಾಡೋದು ಪುಟ್ಟಿ? ಇದರ ಕಾಲ ಮುಗೀತು."

ಅವಳು ಅದರ ದಪ್ಪ ಚಕ್ರದ ಮೇಲೆ ಕೈಯಾಡಿಸಿ, "ಲಾರೀಲಿ ಡೀಸೆಲ್ ಎಂಜಿನ್ ಇದೆ, ರೈಲಲ್ಲಿದೆ, ಹಡಗಲ್ಲಿದೆ. ವಿಮಾನದಲ್ಲಿ ಯಾಕಿಲ್ಲ?" ಎಂದು ಕೇಳಿದಳು.

ನನಗೆ ನಗು ಬಂತು. "ಈ ಕಬ್ಬಿಣದ ಗುಡ್ಡ ಹಾರುತ್ತೇನೇ? ನಾಲ್ಕು ಜನ ಸೇರಿ ನೂಕಿದ್ರೂ ಅಲುಗಲ್ಲ."

ಅವಳು ನಗಲಿಲ್ಲ. "ಯಾರಾದ್ರೂ ಹಾರಿಸಿ ನೋಡಿದ್ರಾ?"

"ಇಲ್ಲ ಬಿಡು. ಅದು ಆಗೋ ಕೆಲಸ ಅಲ್ಲ" ಎಂದೆ.

ನನ್ನ ತಪ್ಪು ಅದೇ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಇಲ್ಲ ಎಂದುಬಿಟ್ಟೆ. ಅವಳು ಸುಮ್ಮನಾದಳು. ಮಗುವೊಂದು ಹೀಗೆ ಸುಮ್ಮನಾದಾಗ ಒಂದು ಪ್ರಶ್ನೆ ಸತ್ತಂತೆ. ಅವಳು ಊರಿಗೆ ಹೋದ ಮೇಲೂ ಆ ಮೌನ ನನ್ನನ್ನು ಕಾಡಿತು. ಪುಸ್ತಕ ಹುಡುಕಿದೆ, ಓದಿದೆ. ಹಾರಿಸಿ ನೋಡಿದವರು ಇದ್ದರು ಮಕ್ಕಳೇ! ಒಬ್ಬರಲ್ಲ, ಹಲವರು. ಸುಮಾರು ನೂರು ವರ್ಷದ ಹಿಂದೆಯೇ ಹಾರಿಸಿದ್ದರು. ಅವರ ಕಥೆ ಇದು.

ಕಥೆಗೆ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಮನೆಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಇದೆಯೇ? ಅದರ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು ಜೋರಾಗಿ ಹತ್ತು ಹದಿನೈದು ಸಲ ಹೊಡೆಯಿರಿ. ಆಮೇಲೆ ಪಂಪಿನ ಕೆಳಭಾಗ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಅಮುಕಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟೆಲ್ಲ ಇಷ್ಟೇ.

ನಿಮ್ಮಪ್ಪನ ಸ್ಕೂಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಎಂಬುದಿದೆ. ಅದು ಕಿಡಿ ಹಾರಿಸಿ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಕಿಡಿ ಬೇಡ. ಸಿಲಿಂಡರ್ ಎಂಬ ಕೊಳವೆಯೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಅಮುಕುತ್ತದೆ ಎಂದರೆ, ಹದಿನಾರು ಲೋಟದಷ್ಟು ಗಾಳಿ ಒಂದು ಲೋಟದೊಳಗೆ ತುರುಕಿದಂತಾಗುತ್ತದೆ. ಆಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕೆಂಡದಂಥ ಗಾಳಿಗೆ ಡೀಸೆಲ್ಲನ್ನು ಮಂಜಿನ ಹಾಗೆ ಚಿಮುಕಿಸಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ರಭಸಕ್ಕೆ ಪಿಸ್ಟನ್ ಕೆಳಗೆ ನುಗ್ಗುತ್ತದೆ, ಚಕ್ರ ತಿರುಗುತ್ತದೆ.

ಈ ಎಂಜಿನ್ ಕಂಡುಹಿಡಿದವರ ಹೆಸರೇ ರುಡಾಲ್ಫ್ ಡೀಸೆಲ್. ಜರ್ಮನ್ ತಂದೆತಾಯಿಯ ಮಗನಾಗಿ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ಎಣ್ಣೆಗೆ ಅವರ ಹೆಸರು ಬಂದದ್ದು ಆಮೇಲೆ. ಜರ್ಮನಿಯ ಔಗ್ಸ್‌ಬರ್ಗ್ ಎಂಬ ಊರಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು 1897ರ ಫೆಬ್ರವರಿಯಲ್ಲಿ ತಮ್ಮ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದರು. ಎಣ್ಣೆ ಉರಿದು ಬಂದ ಶಾಖದ ನೂರು ಪಾಲಿನಲ್ಲಿ 26 ಪಾಲನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಇಷ್ಟೇನಾ ಎನ್ನಬೇಡಿ. ಆ ಕಾಲದ ಉಗಿಯಂತ್ರಗಳಲ್ಲಿ ಹೆಚ್ಚಿನವು ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ.

ಆದರೆ ತೂಕ? ಆ ಎಂಜಿನ್ ಹತ್ತು ಅಡಿ ಎತ್ತರ, ಸುಮಾರು ನಾಲ್ಕೂವರೆ ಟನ್ ಭಾರ. ಅದರ ಶಕ್ತಿ ಸುಮಾರು 18 ಎಚ್.ಪಿ. ಈಗ ಪೆನ್ಸಿಲ್ ತೆಗೆದುಕೊಳ್ಳಿ. 4,500 ಕೆ.ಜಿ.ಯನ್ನು 18ರಿಂದ ಭಾಗಿಸಿದರೆ 250 ಬರುತ್ತದೆ. ಒಂದೊಂದು ಎಚ್.ಪಿ.ಗೂ 250 ಕೆ.ಜಿ. ಕಬ್ಬಿಣ! 1903ರಲ್ಲಿ ಅಮೆರಿಕದ ರೈಟ್ ಸಹೋದರರು ಹಾರಿಸಿದ ಮೊದಲ ವಿಮಾನದ ಪೆಟ್ರೋಲ್ ಎಂಜಿನ್ 12 ಎಚ್.ಪಿ.ಯದು, ತೂಕ ಸುಮಾರು 80 ಕೆ.ಜಿ. ಅಂದರೆ ಎಚ್.ಪಿ.ಗೆ ಏಳು ಕೆ.ಜಿ.ಗಿಂತ ಕಡಿಮೆ. ಹಾಗಾಗಿ ಆಗಿನವರೂ ನನ್ನ ಹಾಗೆಯೇ ಡೀಸೆಲ್ ಹಾರುವುದಿಲ್ಲ ಎಂದು ನಕ್ಕಿರಬೇಕು.

ಅದು ಅಷ್ಟು ಭಾರ ಯಾಕೆ? ಗಾಳಿಯನ್ನು ಅಷ್ಟು ಬಿಗಿಯಾಗಿ ಅಮುಕಿ, ಅದರೊಳಗೆ ಬೆಂಕಿ ಹಚ್ಚಿದರೆ ಸಿಲಿಂಡರಿನ ಗೋಡೆಯ ಮೇಲೆ ಭಾರೀ ಒತ್ತಡ ಬೀಳುತ್ತದೆ. ತೆಳು ಗೋಡೆ ಒಡೆದುಹೋಗುತ್ತದೆ. ಆದ್ದರಿಂದ ಎಲ್ಲವೂ ದಪ್ಪ, ಎಲ್ಲವೂ ಗಟ್ಟಿ.

ಹಾಗಿದ್ದ ಮೇಲೆ ಅಷ್ಟು ಭಾರದ ಎಂಜಿನ್ನನ್ನು ವಿಮಾನಕ್ಕೆ ಹಾಕುವ ಹಠ ಯಾಕೆ? ಇದಕ್ಕೆ ಉತ್ತರ ನಮ್ಮ ಹಾಸನ ಜಿಲ್ಲೆಯ ರಸ್ತೆಯಲ್ಲೇ ಇದೆ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರನ್ನು ನೋಡಿದ್ದೀರಲ್ಲ? ಇಬ್ಬರು ಹೊರಟರು ಎಂದುಕೊಳ್ಳಿ. ಒಬ್ಬ ತೆಳ್ಳಗಿದ್ದಾನೆ, ಆದರೆ ಗಂಟೆಗೊಂದು ಸಲ ಹಸಿವು. ಇನ್ನೊಬ್ಬ ದಪ್ಪ, ಆದರೆ ಬೆಳಿಗ್ಗೆ ಒಂದು ಮುದ್ದೆ ಉಂಡರೆ ಸಂಜೆವರೆಗೆ ಸಾಕು. ದಾರಿಯಲ್ಲಿ ಎಲ್ಲೂ ಊಟ ಸಿಗುವುದಿಲ್ಲ, ಬುತ್ತಿಯನ್ನು ಹೆಗಲ ಮೇಲೆ ಹೊತ್ತೇ ನಡೆಯಬೇಕು. ಬೇಲೂರಿನವರೆಗೆ ಹೋಗುವುದಾದರೆ ತೆಳ್ಳಗಿನವನಿಗೇ ಸುಲಭ. ಧರ್ಮಸ್ಥಳದವರೆಗೆ ಹೋಗುವುದಾದರೆ? ತೆಳ್ಳಗಿನವನ ಬುತ್ತಿಯ ಗಂಟು ಅವನಿಗಿಂತ ದೊಡ್ಡದಾಗುತ್ತದೆ. ದೂರದ ದಾರಿಗೆ ಕಡಿಮೆ ಉಣ್ಣುವವನೇ ಗೆಲ್ಲುತ್ತಾನೆ.

ವಿಮಾನವೂ ಹೀಗೆಯೇ. ಎಂಜಿನ್ನಿನ ಜೊತೆ ಅದು ಕುಡಿಯುವ ಎಣ್ಣೆಯನ್ನೂ ಹೊತ್ತು ಹಾರಬೇಕು. ಪೆಟ್ರೋಲ್ ಎಂಜಿನ್ ನಾಲ್ಕು ಲೀಟರ್ ಕುಡಿಯುವ ಕಡೆ ಡೀಸೆಲ್‌ಗೆ ಸುಮಾರು ಮೂರು ಸಾಕು. ಜೊತೆಗೆ ಇನ್ನೊಂದು ಲಾಭವಿತ್ತು. ಪೆಟ್ರೋಲು ಆವಿಯಾಗಿ ಸಣ್ಣ ಕಿಡಿಗೂ ಭಗ್ಗನೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಅಷ್ಟು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಬಟ್ಟೆ ಹೊದಿಸಿದ ರೆಕ್ಕೆಯ ವಿಮಾನಗಳ ಕಾಲದಲ್ಲಿ ಇದು ಪ್ರಾಣದ ಪ್ರಶ್ನೆಯಾಗಿತ್ತು.

ರುಡಾಲ್ಫ್ ಡೀಸೆಲ್ ಅವರಿಗೆ ತಮ್ಮ ಎಂಜಿನ್ ಹಾರುವುದನ್ನು ನೋಡುವ ಭಾಗ್ಯ ಇರಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ದೇಹ ಸಿಕ್ಕಿತು. ಹೇಗಾಯಿತು ಎಂಬುದು ಇಂದಿಗೂ ಒಗಟು.

ಅವರು ಹೋಗಿ ಹದಿನೈದು ವರ್ಷವಾಗಿತ್ತು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪ್ಯಾಕರ್ಡ್ ಎಂಬ ಕಾರು ಕಂಪನಿ ಇತ್ತು. ಅಲ್ಲಿನ ಎಂಜಿನಿಯರ್ ಲಯೊನೆಲ್ ವೂಲ್ಸನ್, ಜರ್ಮನಿಯ ಹರ್ಮನ್ ಡಾರ್ನರ್ ಅವರ ಜೊತೆ ಸೇರಿ ವಿಮಾನಕ್ಕೆಂದೇ ಒಂದು ಡೀಸೆಲ್ ಎಂಜಿನ್ ಮಾಡಿದರು. ಚಕ್ರದ ಅರಗಳ ಹಾಗೆ ಸುತ್ತಲೂ ಒಂಬತ್ತು ಸಿಲಿಂಡರ್. ಬೇರೆ ಎಂಜಿನ್ನುಗಳಲ್ಲಿ ಗಾಳಿ ಒಳಗೆ ಬರಲು ಒಂದು ವಾಲ್ವು, ಹೊಗೆ ಹೊರಗೆ ಹೋಗಲು ಇನ್ನೊಂದು. ಇವರು ತೂಕ ಉಳಿಸಲು ಪ್ರತಿ ಸಿಲಿಂಡರಿಗೂ ಒಂದೇ ವಾಲ್ವು ಇಟ್ಟು ಎರಡೂ ಕೆಲಸ ಮಾಡಿಸಿದರು. ಶಕ್ತಿ 225 ಎಚ್.ಪಿ., ತೂಕ ಸುಮಾರು 230 ಕೆ.ಜಿ. ಮತ್ತೆ ಪೆನ್ಸಿಲ್ ತೆಗೆಯಿರಿ. ಎಚ್.ಪಿ.ಗೆ ಸುಮಾರು ಒಂದೇ ಕೆ.ಜಿ.! 250 ಕೆ.ಜಿ.ಯಿಂದ ಒಂದು ಕೆ.ಜಿ.ಗೆ ಇಳಿಯಲು ಹಿಡಿದದ್ದು 31 ವರ್ಷ.

1928ರ ಸೆಪ್ಟೆಂಬರಿನಲ್ಲಿ ಆ ಎಂಜಿನ್ ಹೊತ್ತ ಪುಟ್ಟ ವಿಮಾನ ನೆಲ ಬಿಟ್ಟು ಮೇಲೆದ್ದಿತು. ಡೀಸೆಲ್ ಹಾರಿತು. ಮರುವರ್ಷ ಅದೇ ಬಗೆಯ ಎಂಜಿನ್ನಿನ ವಿಮಾನ ಡೆಟ್ರಾಯಿಟ್‌ನಿಂದ ವರ್ಜೀನಿಯಾದವರೆಗೆ ಸುಮಾರು ಸಾವಿರ ಕಿಲೋಮೀಟರ್ ಹಾರಿತು. ಅಷ್ಟು ದಾರಿಗೆ ಎಣ್ಣೆಯ ಖರ್ಚು ಐದು ಡಾಲರಿಗಿಂತ ಕಡಿಮೆ.

ಆದರೆ 1930ರ ಏಪ್ರಿಲ್‌ನಲ್ಲಿ ವೂಲ್ಸನ್ ಪ್ರಯಾಣಿಸುತ್ತಿದ್ದ ವಿಮಾನ ಹಿಮದ ಬಿರುಗಾಳಿಗೆ ಸಿಕ್ಕಿ ನೆಲಕ್ಕೆ ಬಿತ್ತು. ಅವರು ತೀರಿಕೊಂಡರು. ಎಂಜಿನ್ನನ್ನು ಹೆತ್ತವರೇ ಹೋದಂತಾಯಿತು. ಆದರೂ ಒಂದು ದೊಡ್ಡ ಸಾಹಸ ಬಾಕಿ ಇತ್ತು. 1931ರ ಮೇ ತಿಂಗಳಲ್ಲಿ ವಾಲ್ಟರ್ ಲೀಸ್ ಮತ್ತು ಫ್ರೆಡರಿಕ್ ಬ್ರಾಸಿ ಎಂಬ ಇಬ್ಬರು ಪೈಲಟ್‌ಗಳು ಫ್ಲೋರಿಡಾದ ಸಮುದ್ರ ದಂಡೆಯಿಂದ ಈ ಡೀಸೆಲ್ ಎಂಜಿನ್ನಿನ ವಿಮಾನ ಏರಿದರು. ನಡುವೆ ಇಳಿಯಲಿಲ್ಲ, ಎಣ್ಣೆ ತುಂಬಿಸಲಿಲ್ಲ. 84 ಗಂಟೆ 32 ನಿಮಿಷ ಗಾಳಿಯಲ್ಲೇ ಇದ್ದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾರಿದವರು ಗುರುವಾರ ರಾತ್ರಿ ಎಂಟೂವರೆಗೆ ಇಳಿದಷ್ಟು ಹೊತ್ತು! ನಡುವೆ ಎಣ್ಣೆ ತುಂಬದೆ ಹಾರಿದ ಆ ದಾಖಲೆಯನ್ನು 55 ವರ್ಷ ಯಾರೂ ಮುರಿಯಲಿಲ್ಲ. 1986ರಲ್ಲಿ ವಾಯೇಜರ್ ಎಂಬ ವಿಮಾನ ನಿಲ್ಲದೆ ಭೂಮಿಯನ್ನೇ ಸುತ್ತಿ ಬಂದಾಗ ಅದು ಮುರಿಯಿತು.

ಇಷ್ಟಾದರೂ ಪ್ಯಾಕರ್ಡ್ ಎಂಜಿನ್ ಬಾಳಲಿಲ್ಲ. ಒಂದೇ ವಾಲ್ವಿನಿಂದ ತೂಕವೇನೋ ಉಳಿಯಿತು, ಆದರೆ ಹೊಗೆಯ ವಾಸನೆ ಕೂತವರ ಮೂಗಿಗೆ ಬಡಿಯುತ್ತಿತ್ತು. ನಡುಕವೂ ಜಾಸ್ತಿ. ಅದೇ ಹೊತ್ತಿಗೆ ಪೆಟ್ರೋಲ್ ಎಂಜಿನ್ನುಗಳೂ ಸುಧಾರಿಸುತ್ತಿದ್ದವು. ಜಗತ್ತಿನ ವ್ಯಾಪಾರವೆಲ್ಲ ಕುಸಿದಿದ್ದ ವರ್ಷಗಳು ಬೇರೆ. 1933ರಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು.

ಇನ್ನೊಂದು ಕಡೆ ಇಂಗ್ಲೆಂಡಿನವರು ಡೀಸೆಲ್ ಕಡೆ ತಿರುಗಿದ್ದರು. ಅದಕ್ಕೆ ಕಾರಣ ನಮ್ಮ ದೇಶವೇ ಎಂದರೆ ನಂಬುತ್ತೀರಾ? ಆಗ ಇಂಡಿಯಾ ಬ್ರಿಟಿಷರ ಕೈಯಲ್ಲಿತ್ತು. ಇಲ್ಲಿಗೆ ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕು. ಬೇಗ ಬರಲೆಂದು ಅವರು ಆರ್ 101 ಎಂಬ ವಾಯುನೌಕೆ ಕಟ್ಟಿದರು. ವಾಯುನೌಕೆ ಎಂದರೆ ಜಲಜನಕ ತುಂಬಿದ ಚೀಲಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತೇಲುವ ಭಾರೀ ಬಲೂನಿನಂಥದ್ದು. ಉದ್ದ 777 ಅಡಿ, ಹತ್ತು ರೈಲು ಡಬ್ಬಿ ಸಾಲಾಗಿ ನಿಂತಷ್ಟು. ನಮ್ಮ ಸೆಕೆಯಲ್ಲಿ ಪೆಟ್ರೋಲ್ ಆವಿಯಾಗಿ ಬೆಂಕಿ ಹತ್ತೀತು ಎಂಬ ಭಯದಿಂದ ಅದಕ್ಕೆ ಐದು ಡೀಸೆಲ್ ಎಂಜಿನ್ ಹಾಕಿದರು. ಅದು ಬಂದು ಇಳಿಯಲೆಂದು ಕರಾಚಿಯಲ್ಲಿ ದೊಡ್ಡ ಷೆಡ್ಡನ್ನೂ ಕಟ್ಟಿದರು. ಕರಾಚಿ ಆಗ ಇಂಡಿಯಾದಲ್ಲೇ ಇತ್ತು.

ಅವರ ಎಂಜಿನ್ ಪ್ಯಾಕರ್ಡಿನಂತೆ ಹಗುರವಾಗಲಿಲ್ಲ. ಒಂದೊಂದೂ ಎರಡು ಟನ್ನಿಗಿಂತ ಭಾರ. ಅಂದುಕೊಂಡಷ್ಟು ಶಕ್ತಿಯೂ ಬರಲಿಲ್ಲ. ಆದರೆ ಇಂಡಿಯಾಕ್ಕೆ ಹೊರಡಲು ಅವಸರ. ಅಂದಿನ ವಾಯುಯಾನ ಮಂತ್ರಿಯೂ ಅದನ್ನೇರಿದರು. 1930ರ ಅಕ್ಟೋಬರ್ 4ರ ಸಂಜೆ ಹೊರಟ ಆರ್ 101, ಅದೇ ರಾತ್ರಿ ಮಳೆಗಾಳಿಯಲ್ಲಿ ಫ್ರಾನ್ಸಿನ ಬೋವೆ ಎಂಬ ಊರಿನ ಹತ್ತಿರ ನೆಲಕ್ಕೆ ತಾಗಿ ಹೊತ್ತಿ ಉರಿಯಿತು. ಇದ್ದವರು 54 ಮಂದಿ. ಅವರಲ್ಲಿ 48 ಮಂದಿ ತೀರಿಕೊಂಡರು, ಮಂತ್ರಿಯೂ ಉಳಿಯಲಿಲ್ಲ. ಉರಿದದ್ದು ಜಲಜನಕ. ಮುಂಭಾಗದ ಚೀಲದಿಂದ ಅನಿಲ ಸೋರಿಹೋದದ್ದೇ ಕಾರಣವೆಂದು ವಿಚಾರಣೆ ಹೇಳಿತು. ಬೆಂಕಿಗೆ ಹೆದರಿ ಡೀಸೆಲ್ ಹಾಕಿದವರು ಅದಕ್ಕಿಂತ ಬೇಗ ಹೊತ್ತುವ ಜಲಜನಕವನ್ನು ತಲೆಯ ಮೇಲೇ ಇಟ್ಟುಕೊಂಡಿದ್ದರು. ಒಂದು ಬಾಗಿಲಿಗೆ ಬೀಗ ಹಾಕಿ ಇನ್ನೊಂದನ್ನು ತೆರೆದಿಟ್ಟರೆ ಏನು ಪ್ರಯೋಜನ?

ಇನ್ನು ಜರ್ಮನಿಗೆ ಹೋಗೋಣ. ಅಲ್ಲಿ ಹ್ಯೂಗೋ ಯುಂಕರ್ಸ್ ಎಂಬ ಪ್ರೊಫೆಸರ್ ಇದ್ದರು. 1915ರಲ್ಲೇ ಪೂರ್ತಿ ಲೋಹದ ವಿಮಾನ ಮಾಡಿ ತೋರಿಸಿದವರು. ಡೀಸೆಲ್ಲನ್ನು ಹಗುರ ಮಾಡಲು ಅವರು ಹಿಡಿದ ದಾರಿ ಬೇರೆ. ನೀವು ಚಪ್ಪಾಳೆ ತಟ್ಟುವಾಗ ಎರಡೂ ಕೈ ಎದುರುಬದುರಾಗಿ ಬರುತ್ತವಲ್ಲ? ಹಾಗೆಯೇ ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್. ಒಂದು ಮೇಲಿನಿಂದ, ಒಂದು ಕೆಳಗಿನಿಂದ ಬಂದು ನಡುವಿನ ಗಾಳಿಯನ್ನು ಅಮುಕುತ್ತವೆ. ನಡುವೆ ಎಣ್ಣೆ ಚಿಮುಕಿ ಹೊತ್ತಿಕೊಂಡಾಗ ಎರಡೂ ದೂರ ಚಿಮ್ಮುತ್ತವೆ. ಸಿಲಿಂಡರಿಗೆ ಮುಚ್ಚಳವೇ ಬೇಡ, ವಾಲ್ವೂ ಬೇಡ. ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಎಷ್ಟು ಕಬ್ಬಿಣ ಉಳಿಯಿತು ನೋಡಿ!

ಯುಮೋ 205 ಎಂಬ ಈ ಎಂಜಿನ್ನಿನಲ್ಲಿ ಆರು ಸಿಲಿಂಡರ್, ಹನ್ನೆರಡು ಪಿಸ್ಟನ್. ಶಕ್ತಿ ಸುಮಾರು 600 ಎಚ್.ಪಿ., ತೂಕವೂ 600 ಕೆ.ಜಿ.ಯ ಆಸುಪಾಸು. 1930ರ ದಶಕದಲ್ಲಿ ಇಂಥ ಎರಡು ಎಂಜಿನ್ ಹಾಕಿದ ಡಾರ್ನಿಯರ್ 18 ಎಂಬ ನೀರಿನ ಮೇಲೆ ಇಳಿಯುವ ವಿಮಾನ, ಆಫ್ರಿಕಾ ದಂಡೆಯಿಂದ ಬ್ರೆಜಿಲ್ ಕಡೆಗೆ ಅಟ್ಲಾಂಟಿಕ್ ಸಾಗರ ದಾಟಿ ಟಪಾಲು ಒಯ್ಯುತ್ತಿತ್ತು. 1938ರ ಮಾರ್ಚ್‌ನಲ್ಲಿ ಅಂಥದೊಂದು ವಿಮಾನ ಇಂಗ್ಲೆಂಡಿನ ದಕ್ಷಿಣ ತೀರದಿಂದ ಬ್ರೆಜಿಲ್‌ವರೆಗೆ ಸುಮಾರು 8,400 ಕಿಲೋಮೀಟರನ್ನು ಒಂದೇ ಉಸಿರಿಗೆ, 43 ಗಂಟೆಯಲ್ಲಿ ಹಾರಿತು. ದೂರದ ದಾರಿಗೆ ಕಡಿಮೆ ಉಣ್ಣುವವನೇ ಗೆದ್ದ.

ಯುಂಕರ್ಸ್ ಅದನ್ನು ನೋಡಲಿಲ್ಲ. 1933ರಲ್ಲಿ ಹಿಟ್ಲರನ ಸರ್ಕಾರ ಬಂದು ಅವರ ಕಾರ್ಖಾನೆಯನ್ನು ಕಿತ್ತುಕೊಂಡಿತು. 1935ರಲ್ಲಿ ಅವರು ತೀರಿಕೊಂಡರು. ಅವರ ಎಂಜಿನ್ನನ್ನು ಯುದ್ಧದ ವಿಮಾನಗಳಿಗೂ ಹಾಕಿದರು. ಆದರೆ ಅಲ್ಲಿ ಅದು ಒಗ್ಗಲಿಲ್ಲ. ಟಪಾಲಿನ ವಿಮಾನ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುತ್ತದೆ. ಯುದ್ಧದಲ್ಲಿ ಕ್ಷಣಕ್ಕೊಮ್ಮೆ ವೇಗ ಹೆಚ್ಚಿಸಬೇಕು, ತಗ್ಗಿಸಬೇಕು. ನಿಧಾನಸ್ಥ ಎತ್ತನ್ನು ಓಟದ ಪಂದ್ಯಕ್ಕೆ ಕಟ್ಟಿದ ಹಾಗಾಯಿತು.

ಆ ಮಹಾಯುದ್ಧ ಮುಗಿಯುವ ಹೊತ್ತಿಗೆ ಜೆಟ್ ಎಂಜಿನ್ ಬಂತು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಇಲ್ಲ. ಹಗುರ, ವೇಗವೂ ಹೆಚ್ಚು. ದೊಡ್ಡ ವಿಮಾನಗಳೆಲ್ಲ ಅದಕ್ಕೆ ಬದಲಾದವು. ಸಣ್ಣ ವಿಮಾನಗಳು ಪೆಟ್ರೋಲಿನಲ್ಲೇ ಉಳಿದವು. ಆಕಾಶ ಏರಿದ್ದ ನಮ್ಮ ಪಂಪ್‌ಸೆಟ್ಟಿನ ಅಣ್ಣ ಹೆಚ್ಚುಕಡಿಮೆ ಐವತ್ತು ವರ್ಷ ಮೂಲೆ ಸೇರಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗುಜರಿಯವನಿಗೆ ಫೋನ್ ಮಾಡಿ, ಟೆಂಪೋ ತಾರಪ್ಪ ಎನ್ನುತ್ತಿದ್ದೆ. ಮುಗಿಯಲಿಲ್ಲ.

ಜೆಟ್ ವಿಮಾನ ಕುಡಿಯುವುದು ಸೀಮೆಎಣ್ಣೆಯ ಜಾತಿಯ ಎಣ್ಣೆ. ಅದು ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಸಿಗುತ್ತದೆ. ಸಣ್ಣ ವಿಮಾನಗಳು ಕುಡಿಯುವ ಪೆಟ್ರೋಲು ಹಾಗಲ್ಲ. ಅದು ಸೀಸ ಬೆರೆಸಿದ ವಿಶೇಷ ಪೆಟ್ರೋಲು. ದುಬಾರಿ, ಎಲ್ಲ ಕಡೆ ಸಿಗದು. ಸೀಸ ಆರೋಗ್ಯಕ್ಕೂ ಕೆಟ್ಟದ್ದು. ಆಗ ಯಾರಿಗೋ ಡೀಸೆಲ್ ನೆನಪಾಯಿತು. ಡೀಸೆಲ್ ಎಂಜಿನ್ನನ್ನು ಸ್ವಲ್ಪ ಹದ ಮಾಡಿದರೆ ಜೆಟ್ಟಿನ ಎಣ್ಣೆಯಲ್ಲೇ ಓಡುತ್ತದೆ! ಅಷ್ಟರಲ್ಲಿ ಕಾರುಗಳ ಡೀಸೆಲ್ ಎಂಜಿನ್ನುಗಳು ಹಗುರವಾಗಿ, ಕಂಪ್ಯೂಟರ್ ಹೇಳಿದಂತೆ ಎಣ್ಣೆ ಚಿಮುಕಿಸುವಷ್ಟು ಜಾಣವಾಗಿದ್ದವು. 2000ದ ನಂತರ ಜರ್ಮನಿಯ ಟೀಲರ್ಟ್, ಆಸ್ಟ್ರಿಯಾದ ಆಸ್ಟ್ರೋ ಎಂಜಿನ್ ಎಂಬ ಕಂಪನಿಗಳು ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನ್ನನ್ನೇ ತಿದ್ದಿ ಸಣ್ಣ ವಿಮಾನಗಳಿಗೆ ಅಳವಡಿಸಿದವು.

ಆ ಡೀಸೆಲ್ ಎಂಜಿನ್ ನಮ್ಮ ರಾಜ್ಯಕ್ಕೂ ಬಂದಿದೆ. ನಮ್ಮೂರಿನಿಂದ ಅರಸೀಕೆರೆ, ಹುಳಿಯಾರು, ಹಿರಿಯೂರು ದಾಟಿದರೆ ಚಳ್ಳಕೆರೆ. ಅಲ್ಲಿ ಡಿ.ಆರ್.ಡಿ.ಒ. ಸಂಸ್ಥೆಯ ವಿಮಾನ ಪರೀಕ್ಷಾ ಬಯಲಿದೆ. ಬೆಂಗಳೂರಿನ ಅದರ ಪ್ರಯೋಗಾಲಯದವರು ತಪಸ್ ಎಂಬ ಪೈಲಟ್ ಇಲ್ಲದ ವಿಮಾನ ಮಾಡಿದ್ದಾರೆ. 2016ರ ನವೆಂಬರಿನಲ್ಲಿ ಅದು ಮೊದಲ ಸಲ ಹಾರಿದ್ದು ಚಳ್ಳಕೆರೆಯಲ್ಲೇ. ಗಂಟೆಗಟ್ಟಲೆ ಮೇಲಿದ್ದು ಗಡಿ ಕಾಯುವುದು ಅದರ ಕೆಲಸ. ಅದಕ್ಕೆ ಆಸ್ಟ್ರಿಯಾದ ಎರಡು ಡೀಸೆಲ್ ಎಂಜಿನ್ ಹಾಕಿ ಹಾರಿಸಿದ್ದಾರೆ. ಇಲ್ಲಿಯೂ ಅದೇ ಪಾದಯಾತ್ರೆಯ ಲೆಕ್ಕ. 18 ಗಂಟೆ ಮೇಲೆಯೇ ಇದ್ದು ತೋರಿಸಿದೆ. ಸೇನೆ ಕೇಳಿದ್ದು 24 ಗಂಟೆ, ಆ ಪರೀಕ್ಷೆಗಳಲ್ಲಿ ಅದನ್ನು ಮುಟ್ಟಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಬಿದ್ದದ್ದೂ ಉಂಟು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇಂಥ ಎಂಜಿನ್ನನ್ನು ನಮ್ಮ ದೇಶದಲ್ಲೇ ಮಾಡುವ ಪ್ರಯತ್ನವೂ ಹಿಂದೆ ಅಹಮದ್‌ನಗರ ಎನ್ನುತ್ತಿದ್ದ ಊರಿನ ಡಿ.ಆರ್.ಡಿ.ಒ. ಪ್ರಯೋಗಾಲಯದಲ್ಲಿ ನಡೆದಿದೆ.

ಇಷ್ಟೆಲ್ಲ ಓದಿ ಮುಗಿಸಿದ ದಿನ ಸಂಜೆ ನಾನು ಪಾರ್ಶ್ವನಾಥ ಬಸದಿಗೆ ಹೋಗಿ ಕೂತೆ. 1133ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ, ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಬಸದಿ ಅದು. ಅಲ್ಲಿನ ಕರಿಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದು, ಕನ್ನಡಿಯ ಹಾಗೆ ಉಜ್ಜಿದ್ದಾರೆ. ಎದುರು ನಿಂತರೆ ನಿಮ್ಮ ಮುಖ ಕಾಣುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ತಳ್ಳುವ ಪಂಪಿನ ಒಳಗಿನ ಸರಳನ್ನೂ ಹೀಗೆಯೇ ಕಡೆದು ಉಜ್ಜಬೇಕು. ಅದಕ್ಕೂ ಅದರ ಕೊಳವೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಹೆಚ್ಚಾದರೆ ಎಣ್ಣೆ ಸೋರುತ್ತದೆ, ಕಡಿಮೆಯಾದರೆ ಸಿಕ್ಕಿಕೊಳ್ಳುತ್ತದೆ. ಈ ಕಂಬವನ್ನು ಮೊದಲು ಕಡೆಯಲು ಹೊರಟವನಿಗೂ ಯಾರಾದರೂ, "ಇಷ್ಟು ಭಾರದ ಕಲ್ಲು ತಿರುಗುತ್ತೇನಯ್ಯಾ?" ಎಂದು ನಕ್ಕಿರಬಹುದು. ಅವನು ನಕ್ಕವರಿಗೆ ಉತ್ತರ ಹೇಳುತ್ತಾ ಕೂರಲಿಲ್ಲ, ಕಲ್ಲು ತಿರುಗಿಸಿದ. ಅದರಿಂದಲೇ ಇವತ್ತು ನನ್ನ ಮೊಮ್ಮಗಳು ಆ ಕಂಬದಲ್ಲಿ ತನ್ನ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಳ್ಳುತ್ತಾಳೆ.

ರಾತ್ರಿ ಅವಳಿಗೆ ಫೋನ್ ಮಾಡಿದೆ.

"ಪುಟ್ಟಿ, ಅವತ್ತು ನಾನು ತಪ್ಪು ಹೇಳಿದೆ ಕಣೇ. ಡೀಸೆಲ್ ಎಂಜಿನ್ ಹಾರಿದೆ. ಮೂರೂವರೆ ದಿನ ಒಂದೇ ಸಮನೆ ಹಾರಿದೆ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ನಾನು ಹೇಳ್ಲಿಲ್ವಾ ತಾತ!" ಅವಳು ಹೇಳಿರಲಿಲ್ಲ, ಕೇಳಿದ್ದಳು ಅಷ್ಟೇ. ನಾನು ತಿದ್ದಲು ಹೋಗಲಿಲ್ಲ. ಒಂದು ಗಂಟೆ ಹೊತ್ತು ಪ್ಯಾಕರ್ಡ್, ಯುಂಕರ್ಸ್, ಆರ್ 101 ಎಲ್ಲ ಹೇಳಿಸಿಕೊಂಡಳು. ಕೊನೆಗೆ ಕೇಳಿದಳು, "ನಮ್ಮ ಎಂಜಿನ್ ಮಾರಿಬಿಟ್ಯಾ?"

ಗುಜರಿಯವನು ಟೆಂಪೋ ತಂದಿದ್ದ. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಹಳೇ ತಗಡು, ತುಕ್ಕು ಹಿಡಿದ ಪೈಪು ತೂಗಿ ಕೊಟ್ಟೆ. ಆಮೇಲೆ ಊರಿನ ಮೆಕ್ಯಾನಿಕ್ಕನ್ನು ಕರೆಸಿ, ಕೋಳಿಯ ಮೊಟ್ಟೆ ಬೇರೆ ಕಡೆ ಇಡಿಸಿ, ಎಂಜಿನ್ ಬಿಚ್ಚಿಸಿದೆ. ಎರಡು ದಿನ ಹಿಡಿಯಿತು. ಮೂರನೇ ದಿನ ಅವನು ಹ್ಯಾಂಡಲ್ ಹಾಕಿ ತಿರುಗಿಸಿದ. ಅದು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮೂರನೇ ಸಲ ಕರಿ ಹೊಗೆ ಬಿಟ್ಟು ಡುಗ್, ಡುಗ್, ಡುಗ್ ಎಂದಿತು. ಒಳಗಿದ್ದ ನಮ್ಮನೆಯವಳು ಓಡಿ ಬಂದು, "ಮಾವನೋರ ಕಾಲದ ಸದ್ದು!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದದ್ದು ಎಂದಳು. ನಾನೂ ಹಾಗೆಂದೇ ಹೇಳಿದೆ.

ದಸರಾ ರಜೆಗೆ ಮೊಮ್ಮಗಳು ಬಂದಾಗ ಅದನ್ನು ಮತ್ತೆ ಓಡಿಸಬೇಕು. ಹ್ಯಾಂಡಲ್ ತಿರುಗಿಸುವುದು ಮಾತ್ರ ಮೆಕ್ಯಾನಿಕ್ಕೇ. ಅದು ಹಿಮ್ಮೆಟ್ಟಿದರೆ ಕೈ ಮುರಿಯುತ್ತದೆ, ಮಕ್ಕಳು ಮುಟ್ಟಬಾರದು.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಸೈಕಲ್ ಪಂಪಿನ ಪ್ರಯೋಗ ಮಾಡಿ ನೋಡಿ. ಆಮೇಲೆ ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ: ಕರೆಂಟು ಬರುವ ಮೊದಲು ನಿಮ್ಮೂರಿನಲ್ಲಿ ನೀರು ಎತ್ತುತ್ತಿದ್ದದ್ದು ಯಾವುದು? ಹಿಟ್ಟಿನ ಗಿರಣಿ ಓಡುತ್ತಿದ್ದದ್ದು ಯಾವುದರಿಂದ? ಅವರಿಗೆ ಆ ಸದ್ದು ನೆನಪಿರುತ್ತದೆ, ಬಾಯಲ್ಲಿ ಮಾಡಿ ತೋರಿಸಲು ಹೇಳಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸ ಇದೆ. ಮೊಮ್ಮಕ್ಕಳು ಕೇಳಿದ್ದು ನಿಮಗೆ ಗೊತ್ತಿಲ್ಲದಿದ್ದರೆ "ಆಗೋ ಕೆಲಸ ಅಲ್ಲ" ಎನ್ನಬೇಡಿ. "ಗೊತ್ತಿಲ್ಲ ಕಣೋ, ಬಾ ಹುಡುಕೋಣ" ಎನ್ನಿ. ನಾನು ಅರವತ್ತು ದಾಟಿದ ಮೇಲೆ ಕಲಿತದ್ದು ಇದು. ನೀವಾದರೂ ಬೇಗ ಕಲಿಯಿರಿ.